ದೂರ ಕೈಗೆ, ಚೌಕಟ್ಟು ಕಣ್ಣಿಗೆ

ರೇಂಜ್‌ಫೈಂಡರ್ ಅಂದರೆ ದೂರ ಅಳೆಯುವ ಸಾಧನ. ಅದಿರುವ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೀವು ಏನನ್ನೂ ನೋಡುವುದಿಲ್ಲ. ನೋಡುವುದೆಲ್ಲ ಪಕ್ಕದ ಗಾಜಿನ ಕಿಂಡಿಯಿಂದ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಮುಂದೆ ನಿಂತ ಮನುಷ್ಯ, ಹಿಂದಿರುವ ಮರ, ಎರಡೂ ಒಂದೇ ಸಮ ನಿಚ್ಚಳ. ಯಾವುದು ಫೋಕಸ್‌ನಲ್ಲಿದೆ, ಯಾವುದು ಮಸುಕಾಗುತ್ತದೆ ಅಂತ ಕಿಂಡಿ ಹೇಳುವುದೇ ಇಲ್ಲ. ಎಸ್‌ಎಲ್‌ಆರ್ ಎಂಬ, ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ ಹಿಡಿದು ಕಲಿತವರಿಗೆ, ಫೋನಿನ ಪರದೆ ನೋಡಿಕೊಂಡು ಚಿತ್ರ ತೆಗೆಯುವವರಿಗೆ, ಇದು ವಿಚಿತ್ರ ಅನ್ನಿಸುವುದು ಸಹಜ.

ಅದರಲ್ಲೂ ನಾನು ಜಾಸ್ತಿ ಬಳಸುವುದು ಲೈಕಾ ತ್ರೀ-ಎಫ್. 1950ರಲ್ಲಿ ಬಂದ ಮಾದರಿ. ಅದರ ಬೆನ್ನಲ್ಲಿ ಎರಡು ಪುಟ್ಟ ಕಿಂಡಿಗಳು, ಒಂದಕ್ಕೊಂದು ತಾಗಿಕೊಂಡೇ ಇವೆ. ಎಡಗಡೆಯದು ಫೋಕಸ್‌ಗೆ, ಬಲಗಡೆಯದು ಫ್ರೇಮಿಗೆ. ಬಲಗಡೆಯದು 50 ಎಂಎಂ ಲೆನ್ಸಿಗೆ ಮಾತ್ರ ಸರಿಹೊಂದುತ್ತದೆ. ಇನ್ನೂ ಅಗಲ ನೋಡುವ 35 ಎಂಎಂ ಲೆನ್ಸ್ ಹಾಕಿದರೆ ಕ್ಯಾಮೆರಾದ ತಲೆಯ ಮೇಲೆ ಬೇರೆ ಫೈಂಡರ್, ಅಂದರೆ ಫ್ರೇಮ್ ತೋರಿಸುವ ಕಿಂಡಿ, ಸಿಕ್ಕಿಸಬೇಕು. "ಇದೆಲ್ಲ ಯಾಕೆ ಬೇಕು ಮಾರಾಯ, ಒಂದೇ ಕಿಂಡಿ ಇರೋ ಲೈಕಾ ಎಂ3 ತಗೋಬಾರದಾ?" ಅಂತ ಗೆಳೆಯರು ಕೇಳುತ್ತಾರೆ. ಎಂ3 ಅದ್ಭುತ ಕ್ಯಾಮೆರಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಕಸ್ ಬೇರೆ ಕೆಲಸ, ಫ್ರೇಮ್ ಬೇರೆ ಕೆಲಸ ಅಂತ ಕ್ಯಾಮೆರಾವೇ ಬಿಡಿಸಿ ಕೊಟ್ಟಾಗ ಒಂದು ಒಳ್ಳೆಯ ರೂಢಿ ಬೀಳುತ್ತದೆ. ದೂರದ ಲೆಕ್ಕವನ್ನು ಕೈ ಮೊದಲೇ ಮುಗಿಸಿಬಿಡುತ್ತದೆ, ಕ್ಯಾಮೆರಾ ಕಣ್ಣಿಗೆ ಬಂದ ಮೇಲೆ ಸುಮ್ನೆ ನೋಡುವುದಷ್ಟೇ ಉಳಿಯುತ್ತದೆ. ನನಗೆ ಈ ಕ್ಯಾಮೆರಾ ಇಷ್ಟವಾಗುವುದು ಇದಕ್ಕೇ.

ಒಳಗಿನ ಕೆಲಸ ಸರಳವಾಗಿದೆ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಚಿಕ್ಕ ಕಿಟಕಿಗಳು, ನಡುವೆ ಒಂದಿಷ್ಟು ಅಂತರ. ಒಂದರ ಹಿಂದೆ ಅರ್ಧ ಬೆಳಕು ಬಿಡುವ, ಅರ್ಧ ಬೆಳಕು ತಿರುಗಿಸುವ ಕನ್ನಡಿ ಇದೆ. ಇನ್ನೊಂದು ಕಿಟಕಿಯಿಂದ ಬರುವ ಬಿಂಬ ಈ ಕನ್ನಡಿಯ ಮೇಲೆ ಬಿದ್ದು ಕಣ್ಣಿಗೆ ಬರುತ್ತದೆ. ಲೆನ್ಸಿನ ಉಂಗುರ ತಿರುಗಿಸಿದರೆ ಅದರ ಹಿಂಬದಿ ಕ್ಯಾಮೆರಾದೊಳಗಿನ ಪುಟ್ಟ ತೋಳೊಂದನ್ನು ಒತ್ತುತ್ತದೆ, ಆ ತೋಳು ಎರಡನೇ ಬಿಂಬವನ್ನು ಅತ್ತಿತ್ತ ಸರಿಸುತ್ತದೆ. ಎರಡು ಬಿಂಬ ಕೂಡಿ ಒಂದಾಯಿತೋ, ಫೋಕಸ್ ಕೂತಿತು. ಎರಡು ಕಿಟಕಿ, ಎದುರಿನ ವಸ್ತು, ಈ ಮೂರು ಸೇರಿದ ತ್ರಿಕೋನದ ಲೆಕ್ಕ ಇದು.

ಕಿಟಕಿಗಳ ಅಂತರ ದೊಡ್ಡದಾದಷ್ಟೂ ಅಳತೆ ಕರಾರುವಾಕ್ಕು. ಬಿಂಬವನ್ನು ಹಿಗ್ಗಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಎರಡನ್ನೂ ಗುಣಿಸಿದರೆ ಆ ಕ್ಯಾಮೆರಾದ ನಿಜವಾದ ತಾಕತ್ತು ಗೊತ್ತಾಗುತ್ತದೆ. ಎಂ3ರಲ್ಲಿ ಅಂತರ ಸುಮಾರು 68.5 ಮಿಲಿಮೀಟರ್, ಕಿಂಡಿಯಲ್ಲಿ ಕಾಣುವ ಗಾತ್ರ ನಿಜದ 0.91ರಷ್ಟು. ಗುಣಿಸಿದರೆ 62 ಬರುತ್ತದೆ. 1984ರಲ್ಲಿ ಬಂದ ಎಂ6ರಲ್ಲಿ ಗಾತ್ರ 0.72ಕ್ಕೆ ಇಳಿದಿತ್ತು, ಹಾಗಾಗಿ ಹತ್ತಿರ ಹತ್ತಿರ 50. ನನ್ನ ತ್ರೀ-ಎಫ್‌ನಲ್ಲಿ ಅಂತರ ಬರೀ 39 ಮಿಲಿಮೀಟರ್. ಆದರೆ ಫೋಕಸ್ ಕಿಂಡಿ ಒಂದೂವರೆ ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಅಲ್ಲಿಗೆ 58 ಆಯಿತು. ಅಷ್ಟು ಪುಟ್ಟ ಕ್ಯಾಮೆರಾ ಎಂ6ಗಿಂತ ಮುಂದೆ, ಎಂ3ಗೆ ಸ್ವಲ್ಪವೇ ಹಿಂದೆ! ಇದು ಹೇಗೆ ಸಾಧ್ಯವಾಯಿತು ಅಂದರೆ, ಆ ಕಿಂಡಿಗೆ ಫ್ರೇಮ್ ತೋರಿಸುವ ಜವಾಬ್ದಾರಿ ಇಲ್ಲ. ಇಡೀ ದೃಶ್ಯ ಅದರೊಳಗೆ ಹಿಡಿಯಬೇಕಾಗಿಲ್ಲ. ಎಷ್ಟು ಬೇಕೋ ಅಷ್ಟು ಹಿಗ್ಗಿಸಬಹುದು. ಎರಡೂ ಕೆಲಸ ಒಂದೇ ಕಿಂಡಿಗೆ ಹಾಕಿದರೆ ಈ ಸ್ವಾತಂತ್ರ್ಯ ಹೋಗುತ್ತದೆ. ಇನ್ನೂ ಅಗಲದ 28 ಎಂಎಂ ಫ್ರೇಮನ್ನೂ ತೋರಿಸಬೇಕು ಅಂದರೆ ಎಲ್ಲವನ್ನೂ ಚಿಕ್ಕದು ಮಾಡಲೇಬೇಕು, ಚಿಕ್ಕದಾದರೆ ಫೋಕಸ್‌ನ ನಿಖರತೆ ಇಳಿಯಲೇಬೇಕು.

ಇತಿಹಾಸ ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. 1925ರ ಮೊದಲ ಲೈಕಾದಲ್ಲಿ ರೇಂಜ್‌ಫೈಂಡರ್ ಇರಲೇ ಇಲ್ಲ. ಬೇಕಾದವರು ಕಡ್ಡಿಯಂಥ ಒಂದು ಪ್ರತ್ಯೇಕ ಸಾಧನವನ್ನು ಕ್ಯಾಮೆರಾದ ಮೇಲೆ ನೆಟ್ಟಗೆ ಸಿಕ್ಕಿಸಿ, ದೂರ ಓದಿ, ಅದನ್ನು ಲೆನ್ಸಿನ ಮೇಲೆ ಹೊಂದಿಸುತ್ತಿದ್ದರು. 1932ರಲ್ಲಿ ಲೈಕಾ ಟೂ ಬಂದಾಗ ಅದು ಲೆನ್ಸಿಗೇ ಜೋಡಣೆಯಾಯಿತು. ಮರುವರ್ಷದ ಲೈಕಾ ತ್ರೀಯಲ್ಲಿ ಆ ಒಂದೂವರೆ ಪಟ್ಟಿನ ಹಿಗ್ಗುವಿಕೆ ಬಂತು. ಫೋಕಸ್ ಮತ್ತು ಫ್ರೇಮನ್ನು ಒಂದೇ ಕಿಂಡಿಗೆ ತಂದವರಲ್ಲಿ ಝೈಸ್ ಕಂಪನಿ ಮುಂದಿತ್ತು, 1936ರ ಕಾಂಟ್ಯಾಕ್ಸ್ ಟೂನಲ್ಲಿ. ಲೈಕಾ ಅಲ್ಲಿಗೆ ಬರಲು 1954ರ ಎಂ3 ತನಕ ಕಾಯಬೇಕಾಯಿತು. ಅದಾದ ಮೇಲೂ ಬೇರೆ ಫೈಂಡರ್ ಸಾಯಲಿಲ್ಲ ಅನ್ನುವುದು ಗಮನಿಸಬೇಕಾದ ಮಾತು. 1957ರ ನಿಕಾನ್ ಎಸ್‌ಪಿಯಲ್ಲಿ ನಿಜ ಗಾತ್ರ ತೋರಿಸುವ ದೊಡ್ಡ ಫೈಂಡರಿನ ಪಕ್ಕದಲ್ಲೇ 28 ಮತ್ತು 35ಕ್ಕೆ ಅಂತ ಇನ್ನೊಂದು ಚಿಕ್ಕ ಫೈಂಡರ್ ಇಟ್ಟಿದ್ದರು. 1999ರ ಫೋಕ್ಟ್‌ಲ್ಯಾಂಡರ್ ಬೆಸ್ಸಾ ಎಲ್‌ನಲ್ಲಂತೂ ಕ್ಯಾಮೆರಾದೊಳಗೆ ಯಾವ ಕಿಂಡಿಯೂ ಇಲ್ಲ, ಎಲ್ಲ ಮೇಲೆ ಸಿಕ್ಕಿಸಿದ ಫೈಂಡರಲ್ಲೇ. ಅದರ ಜೊತೆಗೆ ಬಂದ 15 ಎಂಎಂ ಲೆನ್ಸಿಗೆ ದೂರವನ್ನು ಅಂದಾಜಿನಲ್ಲೇ ಇಡಬೇಕು. ಎಫ್ 8ರಲ್ಲಿ, ಅಂದರೆ ಲೆನ್ಸಿನ ಬಾಯಿ ಕಿರಿದು ಮಾಡಿದಾಗ, ಅರ್ಧ ಮೀಟರಿಂದ ಹಿಡಿದು ದಿಗಂತದವರೆಗೆ ಎಲ್ಲ ಸ್ಪಷ್ಟ ಬರುವ ಲೆನ್ಸಿಗೆ ರೇಂಜ್‌ಫೈಂಡರ್ ಯಾತಕ್ಕೆ ಹೇಳಿ?

ಈಗ ಅಂದಾಜಿನ ವಿಷಯಕ್ಕೆ ಬರೋಣ. ನನಗೆ ಇದನ್ನು ಕಲಿಸಿದ್ದು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು. ಅಲ್ಲಿ ಕಟ್ಟಿದ ಹೂವನ್ನು ಮೊಳದಲ್ಲಿ ಅಳೆಯುತ್ತಾರೆ ಅಲ್ವಾ. ಮಲ್ಲಿಗೆ ದಂಡೆಯ ತುದಿಯನ್ನು ಮಧ್ಯದ ಬೆರಳಿಗೆ ಒತ್ತಿ ಹಿಡಿದು, ಮುಂಗೈ ಉದ್ದಕ್ಕೂ ಎಳೆದು, ಮೊಣಕೈ ಹತ್ತಿರ ಹೆಬ್ಬೆರಳಿಂದ ಗುರುತು ಮಾಡಿ ಪಟ್ಟನೆ ದಾರ ಕತ್ತರಿಸುವುದು. ಕಣ್ಣು ಗಿರಾಕಿಯ ಮೇಲೆ, ಬಾಯಿ ಪಕ್ಕದವರ ಜೊತೆ, ಅಳತೆ ಮಾತ್ರ ಕೈಯ ಪಾಡಿಗೆ ಕೈ ಮಾಡುತ್ತಿರುತ್ತದೆ. ಮೊಳ ಅಂದರೆ ಸುಮಾರು ಒಂದೂವರೆ ಅಡಿ, 45 ಸೆಂಟಿಮೀಟರ್ ಚಿಲ್ಲರೆ. ಲೆಕ್ಕ ಹಾಕಿ ನೋಡಿದರೆ 50 ಎಂಎಂ ಲೆನ್ಸ್ ಒಂದು ಮೀಟರ್ ದೂರದಲ್ಲಿ ನೋಡುವುದು ಎತ್ತರಕ್ಕೆ ಒಂದು ಮೊಳ, ಅಗಲಕ್ಕೆ ಒಂದೂವರೆ ಮೊಳ! ಎರಡು ಮೀಟರ್ ದೂರ ಹೋದರೆ ಎರಡು ಮೊಳ ಎತ್ತರ, ಮೂರು ಮೊಳ ಅಗಲ. ಎಷ್ಟು ಮೀಟರೋ ಅಷ್ಟು ಮೊಳ. 35 ಎಂಎಂ ಲೆನ್ಸಿಗೆ ಇದಕ್ಕಿಂತ ಸುಲಭ: ಎಷ್ಟು ದೂರವೋ ಅಷ್ಟೇ ಅಗಲ. ಮೂರು ಮೀಟರ್ ದೂರದಲ್ಲಿ ನಿಂತರೆ ಮೂರು ಮೀಟರ್ ಅಗಲದ ಜಾಗ ಫ್ರೇಮಿನೊಳಗೆ ಬರುತ್ತದೆ.

ಇಷ್ಟು ಗೊತ್ತಿದ್ದರೆ ಕ್ಯಾಮೆರಾ ಎತ್ತುವ ಮೊದಲೇ ಎರಡು ವಿಷಯ ತಿಳಿದಿರುತ್ತವೆ: ಎಷ್ಟು ದೂರ, ಮತ್ತು ಫ್ರೇಮಿನ ಅಂಚು ಎಲ್ಲಿ ಬೀಳುತ್ತದೆ. ಮಾರುಕಟ್ಟೆಯಲ್ಲಿ ನಾನು 35 ಹಾಕಿ, ಎಫ್ 8 ಇಟ್ಟು, ದೂರ ಎರಡು ಮೀಟರಿಗೆ ನಿಲ್ಲಿಸಿಬಿಡುತ್ತೇನೆ. ಆಗ ಸುಮಾರು 1.4 ಮೀಟರಿಂದ 3.3 ಮೀಟರ್‌ವರೆಗೆ ಎಲ್ಲ ಸ್ಪಷ್ಟ. ಹೂವಿನ ಬುಟ್ಟಿಯ ಆಚೆ ಕೂತವರು, ಅವರ ಹಿಂದೆ ಮೂಟೆ ಇಳಿಸುವವರು, ಎಲ್ಲ ಅದರೊಳಗೇ ಬಂದುಬಿಡುತ್ತಾರೆ. ಫೋಕಸ್ ಕಿಂಡಿಯನ್ನು ನೋಡುವುದೇ ಇಲ್ಲ. ನೇರ ಮೇಲಿನ ಫೈಂಡರಿಗೆ ಕಣ್ಣು. "ಏನಣ್ಣಾ, ಹೂವಿನ ಫೋಟೋನಾ, ನನ್ನ ಫೋಟೋನಾ?" ಅಂತ ಒಬ್ಬರು ಕೇಳಿದರು. "ಎರಡೂ ಬರುತ್ತೆ ಅಕ್ಕ" ಅಂದೆ. ಅವರು ನಕ್ಕರು, ಆ ನಗು ಮುಗಿಯುವಷ್ಟರಲ್ಲಿ ಚಿತ್ರ ಆಗಿತ್ತು. ಫೋಕಸ್ ಹುಡುಕುತ್ತಾ ಕೂತಿದ್ದರೆ ಆ ನಗು ಸಿಗುತ್ತಿರಲಿಲ್ಲ.

ಲೆನ್ಸಿನ ಉಂಗುರ ತಿರುಗಿಸುವ ಪುಟ್ಟ ಗುಬ್ಬಿಯನ್ನೂ ಬೆರಳಿಗೆ ಪಾಠ ಮಾಡಿಸಬೇಕು. ನನ್ನ ಹಳೇ 50ರಲ್ಲಿ ಅನಂತದಿಂದ ಒಂದು ಮೀಟರಿಗೆ ಹೆಚ್ಚೂಕಡಿಮೆ ಅರ್ಧ ಸುತ್ತು. ಗುಬ್ಬಿ ಎಲ್ಲಿದ್ದರೆ ಎಷ್ಟು ದೂರ ಅಂತ ಬೆರಳಿಗೇ ಗೊತ್ತಿರುತ್ತದೆ. ಬಸ್ಸಿಗೆ ಕಾಯುವಾಗ, ಟೀ ಕುಡಿಯುವಾಗ, ಫಿಲ್ಮ್ ಇಲ್ಲದೆಯೂ ಇದನ್ನು ಮಾಡಬಹುದು: ಎದುರಿನ ಕಂಬ ಎಷ್ಟು ದೂರ ಅಂತ ಮನಸ್ಸಿನಲ್ಲೇ ಹೇಳಿ, ಗುಬ್ಬಿ ತಿರುಗಿಸಿ, ಆಮೇಲೆ ಕಿಂಡಿಯಲ್ಲಿ ನೋಡಿ ತಾಳೆ ಹಾಕುವುದು. ಬೇಗ ಕೈವಶವಾಗುತ್ತದೆ.

ಆದರೆ ಅಂದಾಜು ಎಲ್ಲ ಕಡೆ ನಡೆಯುವುದಿಲ್ಲ. ಕತ್ತಲಲ್ಲಿ, ಲೆನ್ಸ್ ಪೂರ್ತಿ ತೆರೆದಾಗ, ಹತ್ತಿರದ ಮುಖಕ್ಕೆ, ಕಿಂಡಿಯ ಸಹಾಯ ಬೇಕೇ ಬೇಕು. ದಕ್ಷಿಣ ಕನ್ನಡದ ಕಡೆ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತು ಚಿತ್ರ ತೆಗೆಯುವುದು ನನಗೆ ಬಹಳ ಇಷ್ಟದ ಕೆಲಸ. ಕಲಾವಿದರು ನೆಲದ ಮೇಲೆ ಸಾಲಾಗಿ ಕೂತಿರುತ್ತಾರೆ, ಎದುರಿಗೆ ಪುಟ್ಟ ಕನ್ನಡಿ, ಒಂದು ಬಲ್ಬು. ಬಣ್ಣದ ವೇಷದವರು ಮುಖದ ಮೇಲೆ ಚಿಟ್ಟಿ ಅನ್ನುವ ಬಿಳಿ ಉಬ್ಬು ಚುಕ್ಕೆಗಳನ್ನು ಇಡುತ್ತಾ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ. 400 ಐಎಸ್‌ಒ ವೇಗದ ಫಿಲ್ಮನ್ನು 1600 ಅಂತ ಲೆಕ್ಕ ಹಿಡಿದರೂ ಲೆನ್ಸನ್ನು ಎಫ್ 2ಕ್ಕೆ ಅಗಲವಾಗಿ ತೆರೆಯದೆ ಬೇರೆ ದಾರಿ ಇಲ್ಲ. 50 ಎಂಎಂ, ಎಫ್ 2, ಒಂದು ಮೀಟರ್. ಸ್ಪಷ್ಟತೆಯ ಆಳ ಹೆಚ್ಚೂಕಡಿಮೆ ಐದು ಸೆಂಟಿಮೀಟರ್ ಅಷ್ಟೇ. ಕಣ್ಣು ಬಂದರೆ ಕಿವಿಯ ಓಲೆ ಬರುವುದಿಲ್ಲ.

ಇಂಥ ಕಡೆ ಫೋಕಸ್ ಕಿಂಡಿ ತನ್ನ ಗುಣ ತೋರಿಸುತ್ತದೆ. ಬೆಳಕು ಎಷ್ಟೇ ಕಡಿಮೆ ಇದ್ದರೂ, ನಿಮ್ಮ ಕಣ್ಣಿಗೆ ಒಂದು ಅಂಚು ಕಂಡರೆ ಸಾಕು, ಎರಡು ಬಿಂಬ ಕೂಡಿಸಬಹುದು. ನಾನು ಹುಡುಕುವುದು ಬಿಳಿ ಚಿಟ್ಟಿಗೂ ಕಪ್ಪು ಬಣ್ಣಕ್ಕೂ ನಡುವಿನ ಗೆರೆ. ಕಣ್ಣಿನ ಪಕ್ಕದಲ್ಲೇ ಇರುತ್ತದೆ, ಕಡ್ಡಿ ಮುರಿದ ಹಾಗೆ ಸ್ಪಷ್ಟ. ಕನ್ನಡಿಯಲ್ಲಿ ಕಾಣುವ ಮುಖ ಬೇಕಾದರೆ ಬಿಂಬದ ಮುಖವನ್ನೇ ಕೂಡಿಸಬೇಕು, ಕನ್ನಡಿಯ ಚೌಕಟ್ಟನ್ನು ಕೂಡಿಸಿದರೆ ಪ್ರಯೋಜನವಿಲ್ಲ. ಯಾಕೆಂದರೆ ಲೆನ್ಸಿಗೆ ಆ ಮುಖ ಇರುವುದು ಕನ್ನಡಿಯಾಚೆ. ನಿಮ್ಮಿಂದ ಕನ್ನಡಿಗೆ ಎಷ್ಟು ದೂರವೋ, ಕನ್ನಡಿಯಿಂದ ಮುಖಕ್ಕೆ ಎಷ್ಟು ದೂರವೋ, ಎರಡೂ ಸೇರಿದಷ್ಟು. ರೇಂಜ್‌ಫೈಂಡರ್ ಇದನ್ನು ತಾನೇ ಸರಿಯಾಗಿ ಅಳೆಯುತ್ತದೆ. ಟೇಪು ಹಿಡಿದು ಅಳೆದರೆ ನೀವೇ ಕೂಡಿಸಿಕೊಳ್ಳಬೇಕು.

ಕಿಂಡಿ ಕೈಕೊಡುವ ಜಾಗಗಳೂ ಇವೆ. ಕಿಟಕಿಯ ಸರಳುಗಳು, ಪಟ್ಟೆ ಪಟ್ಟೆ ಸೀರೆ, ಒಂದೇ ತರದ ಕಂಬಗಳ ಸಾಲು, ಇವುಗಳಲ್ಲಿ ಒಂದು ಸರಳು ಪಕ್ಕದ ಸರಳಿನ ಮೇಲೆ ಕೂತು ಎಲ್ಲ ಸರಿಯಾಗಿದೆ ಅಂತ ಕಾಣಿಸಿಬಿಡುತ್ತದೆ. ಆಗ ಅನಂತದಿಂದ ಶುರುಮಾಡಿ ನಿಧಾನ ಬನ್ನಿ, ಸರಳಿನ ಮೇಲಿನ ತುಕ್ಕಿನ ಕಲೆಯನ್ನೋ ಬೀಗವನ್ನೋ ಹಿಡಿಯಿರಿ. ಬಿಂಬ ಸರಿಯುವುದು ಅಡ್ಡಕ್ಕೆ, ಹಾಗಾಗಿ ಅಡ್ಡ ಗೆರೆಗಳು ಏನೂ ಹೇಳುವುದಿಲ್ಲ. ಮೆಟ್ಟಿಲುಗಳ ಚಿತ್ರ ತೆಗೆಯುವಾಗ ಕ್ಯಾಮೆರಾ ನೆಟ್ಟಗೆ ತಿರುಗಿಸಿ ಫೋಕಸ್ ಮಾಡಿ, ಆಮೇಲೆ ಮತ್ತೆ ಅಡ್ಡ ಹಿಡಿಯಿರಿ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನ ಇದಕ್ಕೆ ಗಮನ ಕೊಡುವುದಿಲ್ಲ. ಫೋಕಸ್ ಆಗುವುದು ನಡುವಿನಲ್ಲಿ ಮಾತ್ರ. ಮುಖವನ್ನು ನಡುವೆ ಇಟ್ಟು ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸಿ ಮುಖವನ್ನು ಬದಿಗೆ ತಂದರೆ, ಸ್ಪಷ್ಟತೆಯ ಗೋಡೆಯೂ ಕ್ಯಾಮೆರಾ ಜೊತೆ ತಿರುಗುತ್ತದೆ. ಒಂದು ಮೀಟರ್ ದೂರದಲ್ಲಿ 15 ಡಿಗ್ರಿ ತಿರುಗಿಸಿದರೆ ಫೋಕಸ್ ಮುಖದ ಹಿಂದಕ್ಕೆ ಮೂರು ಸೆಂಟಿಮೀಟರಿಗಿಂತ ಜಾಸ್ತಿ ಜಾರುತ್ತದೆ. ಇರುವ ಆಳವೇ ಐದು, ಅದು ಮುಂದಕ್ಕೂ ಹಿಂದಕ್ಕೂ ಹಂಚಿದ್ದು. ಅಲ್ಲಿಗೆ ಕಣ್ಣು ಮಸುಕು, ಕಿವಿ ಸ್ಪಷ್ಟ. ತಿರುಗಿಸಿದ ಮೇಲೆ ಸೊಂಟದಿಂದ ತುಸು ಹಿಂದಕ್ಕೆ ವಾಲಿದರೆ ಸರಿಹೋಗುತ್ತದೆ. ಎಫ್ 8ರಲ್ಲಿ ಮೂರ್ನಾಲ್ಕು ಮೀಟರ್ ಆಚೆ ಇದ್ದರೆ ಈ ಯೋಚನೆಯೇ ಬೇಡ.

ಈಗ ಫ್ರೇಮಿನ ಕಡೆಯ ತೊಂದರೆ, ಪ್ಯಾರಲಾಕ್ಸ್: ಫೈಂಡರ್ ನೋಡುವ ಜಾಗ ಬೇರೆ, ಲೆನ್ಸ್ ನೋಡುವ ಜಾಗ ಬೇರೆ. ಮೇಲೆ ಸಿಕ್ಕಿಸಿದ ಫೈಂಡರ್ ಲೆನ್ಸಿಗಿಂತ ಐದಾರು ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಐದು ಮೀಟರ್ ದೂರದಲ್ಲಿ ಫ್ರೇಮಿನ ಎತ್ತರವೇ ಐದು ಮೊಳ, ಅದರಲ್ಲಿ ಆರು ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಒಂದು ಮೀಟರಿನಲ್ಲಿ ಇರುವುದೇ ಒಂದು ಮೊಳ. ಅದರಲ್ಲಿ ಎಂಟರಲ್ಲೊಂದು ಪಾಲು ಹೋದರೆ ಜನರ ತಲೆ ಕತ್ತರಿಸಿ ಹೋಗುತ್ತದೆ. ಫೈಂಡರುಗಳಲ್ಲಿ ಇದಕ್ಕೆಂದೇ ಮೇಲಿನ ಅಂಚಿನ ಕೆಳಗೆ ಚುಕ್ಕೆ ಗೆರೆ ಹಾಕಿರುತ್ತಾರೆ, ಹತ್ತಿರದ ಚಿತ್ರಕ್ಕೆ ಆ ಗೆರೆಯೇ ಮೇಲಂಚು. ಎಂ3ರಲ್ಲಿ ಫೋಕಸ್ ತಿರುಗಿಸಿದ ಹಾಗೆ ಗೆರೆಗಳು ತಾವೇ ಸರಿಯುತ್ತವೆ, ಅದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಗೆರೆ ಸರಿದರೂ ನೋಡುವ ಜಾಗ ಸರಿಯುವುದಿಲ್ಲ. ಬುಟ್ಟಿಯ ಅಂಚಿನ ಮೇಲಿಂದ ನಿಮಗೆ ಕಾಣುವ ಹೂವು, ಆರು ಸೆಂಟಿಮೀಟರ್ ಕೆಳಗಿರುವ ಲೆನ್ಸಿಗೆ ಕಾಣದೇ ಹೋಗಬಹುದು. ಅಲ್ಲಾಡದ ವಸ್ತುವಾದರೆ ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಫೈಂಡರಲ್ಲಿ ಪೂರ್ತಿ ಫ್ರೇಮ್ ನೋಡಿ ಮನಸ್ಸಿಗೆ ಒಪ್ಪಿತು ಅಂದ ಮೇಲೆ ಇಡೀ ಕ್ಯಾಮೆರಾವನ್ನು ಓರೆ ಮಾಡದೆ ನೇರವಾಗಿ ಆರು ಸೆಂಟಿಮೀಟರ್ ಮೇಲಕ್ಕೆ ಎತ್ತಿ ಕ್ಲಿಕ್ ಮಾಡಿ. ಕಣ್ಣಿದ್ದ ಜಾಗಕ್ಕೆ ಲೆನ್ಸ್ ಬಂತು. ಗೆರೆಯ ತಿದ್ದುಪಡಿ ಬೇಕಾಗಿಲ್ಲ, ಮುಂದಿನದು ಹಿಂದಿನದರ ಜೋಡಣೆಯೂ ನೀವು ಕಂಡ ಹಾಗೇ ಬರುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದಾಗ ಫೈಂಡರ್ ಪಕ್ಕಕ್ಕೆ ಹೋಗಿರುತ್ತದೆ, ಆಗ ಪಕ್ಕಕ್ಕೆ ಸರಿಸಿ.

ಇಷ್ಟೆಲ್ಲ ತೊಡಕಿದ್ದೂ ಮೇಲಿನ ಫೈಂಡರನ್ನು ಯಾಕೆ ಬಿಡುವುದಿಲ್ಲ ಅಂದರೆ, ಅದರಲ್ಲಿ ನೋಡುವ ಸುಖವೇ ಬೇರೆ. ತ್ರೀ-ಎಫ್‌ನ ಸ್ವಂತ ಕಿಂಡಿ ಚಿಕ್ಕದು, ಕಣ್ಣು ಕಿರಿದು ಮಾಡಿ ನೋಡಬೇಕು. ಲೈಕಾದವರು 50ಕ್ಕೆ ಅಂತ ಮಾಡಿದ ಬೆಳಕಿನ ಗೆರೆಯ ಫೈಂಡರ್ ಎಲ್ಲವನ್ನೂ ನಿಜ ಗಾತ್ರದಲ್ಲೇ ತೋರಿಸುತ್ತದೆ. ಎರಡೂ ಕಣ್ಣು ತೆರೆದೇ ಇಟ್ಟರೆ ಗಾಜು ಇದೆ ಅನ್ನುವುದೇ ಮರೆತುಹೋಗುತ್ತದೆ, ಬೀದಿಯ ಮೇಲೆ ಒಂದು ಬಿಳಿ ಚೌಕಟ್ಟು ತೇಲುತ್ತಿರುತ್ತದೆ ಅಷ್ಟೇ. ಚೌಕಟ್ಟಿನ ಹೊರಗೆ ಸೈಕಲ್ ಬರುತ್ತಿರುವುದೂ ಕಾಣುತ್ತದೆ, ಅದು ಒಳಗೆ ಬರುವ ತನಕ ಕಾಯಬಹುದು. ಕನ್ನಡಕ ಹಾಕುವವರಿಗೂ ಅನುಕೂಲ. ಎಂ6ರ ಒಳಗಿನ 28ರ ಗೆರೆಗಳು ಕನ್ನಡಕದವರಿಗೆ ಪೂರ್ತಿ ಕಾಣುವುದು ಕಷ್ಟ, ಹೊರಗಿನ 28ರ ಫೈಂಡರಲ್ಲಿ ಆರಾಮಾಗಿ ಕಾಣುತ್ತದೆ. ಅಂಚಿಗೆ ಒಂದು ರಬ್ಬರ್ ಬಳೆ ಹಾಕಿಕೊಳ್ಳಿ, ಇಲ್ಲದಿದ್ದರೆ ಕನ್ನಡಕಕ್ಕೆ ಗೀರು ಬೀಳುತ್ತದೆ. ಇನ್ನು ತ್ರೀ-ಎಫ್‌ನಲ್ಲಿ ರಿವೈಂಡ್ ಗುಬ್ಬಿಯ ಬುಡದಲ್ಲಿರುವ ಪುಟ್ಟ ಸನ್ನೆ ಫೋಕಸ್ ಕಿಂಡಿಯನ್ನು ನಿಮ್ಮ ಕಣ್ಣಿಗೆ ಹೊಂದಿಸುವುದಕ್ಕೆ ಇರುವುದು. ಮೊದಲು ಅದನ್ನು ತಿರುಗಿಸಿ ನೋಡಿ. ಬಿಂಬ ಮಸುಕು ಅಂತ ರಿಪೇರಿಗೆ ಕೊಡುವ ಎಷ್ಟೋ ಕ್ಯಾಮೆರಾಗಳಿಗೆ ಬೇಕಾಗಿರುವುದು ಅಷ್ಟೇ.

ಹಳೇ ಕ್ಯಾಮೆರಾ ಕೊಳ್ಳುವಾಗ ಫೋಕಸ್ ಪರೀಕ್ಷೆ ಎರಡು ಕಡೆ ಮಾಡಿ. ಅನಂತಕ್ಕೆ ಚಂದ್ರನಷ್ಟು ಒಳ್ಳೆಯ ಗುರಿ ಬೇರೆ ಇಲ್ಲ: ಲೆನ್ಸ್ ಅನಂತಕ್ಕೆ ಇಟ್ಟಾಗ ಎರಡು ಚಂದ್ರ ಒಂದಾಗಬೇಕು, ಅಕ್ಕಪಕ್ಕಕ್ಕೂ ಮೇಲೆ ಕೆಳಕ್ಕೂ. ಹತ್ತಿರಕ್ಕೆ ಟೇಪಿನಲ್ಲಿ ಒಂದು ಮೀಟರ್ ಅಳೆದು ನೋಡಿ, ಅಳೆಯುವುದು ಫಿಲ್ಮ್ ಇರುವ ಜಾಗದಿಂದ. ಒಂದು ಸರಿ ಇದ್ದು ಇನ್ನೊಂದು ತಪ್ಪಿದ್ದರೆ ಬಲ್ಲವರ ಕೈಗೆ ಕೊಡಿ. ಎರಡನೇ ಬಿಂಬ ಮಂಕಾಗಿದ್ದರೆ ನೀವೇ ಬಿಚ್ಚಿ ಆ ಅರ್ಧ ಕನ್ನಡಿಯನ್ನು ಸ್ಪಿರಿಟ್ ಹಚ್ಚಿ ಒರೆಸಲು ಹೋಗಬೇಡಿ, ದಯವಿಟ್ಟು. ಲೇಪ ಎದ್ದು ಬಂದರೆ ಇದ್ದಬದ್ದ ಬಿಂಬವೂ ಹೋಯಿತು.

ಫೈಂಡರಿನ ಪರೀಕ್ಷೆಗೆ ಒಂದು ರೀಲು ಖರ್ಚಾದರೂ ಪರವಾಗಿಲ್ಲ ಅಂತ ನಾನು ಹೇಳುತ್ತೇನೆ. ತ್ರೀ-ಎಫ್‌ನಂಥ ಹಳೇ ಲೈಕಾಗಳ ಹಿಂಬಾಗಿಲು ತೆರೆಯುವುದಿಲ್ಲ, ಫಿಲ್ಮ್ ತಳದಿಂದ ಹಾಕುವುದು, ಹಾಗಾಗಿ ಫಿಲ್ಮ್ ಜಾಗದಲ್ಲಿ ಮಸುಕು ಗಾಜಿಟ್ಟು ಬಿಂಬ ನೋಡುವ ದಾರಿ ಇಲ್ಲ. ಇಟ್ಟಿಗೆ ಗೆರೆ ಕಾಣುವ ಗೋಡೆಯ ಎದುರು ಸ್ಟ್ಯಾಂಡ್ ಹಾಕಿ, ಒಂದು, ಎರಡು, ಐದು ಮೀಟರ್ ದೂರದಿಂದ ತೆಗೆಯಿರಿ. ಫೈಂಡರಲ್ಲಿ ನಾಲ್ಕೂ ಅಂಚಿಗೆ ಯಾವ ಇಟ್ಟಿಗೆ ಕಂಡಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಫಿಲ್ಮ್ ತೊಳೆದ ಮೇಲೆ ಹೋಲಿಸಿ ನೋಡಿ. ದೂರದ ಚಿತ್ರಗಳಲ್ಲಿ ಫೈಂಡರ್ ತೋರಿಸಿದ್ದಕ್ಕಿಂತ ಜಾಸ್ತಿಯೇ ಬಂದಿರುತ್ತದೆ. 50ರ ಲೆನ್ಸ್ 0.7 ಮೀಟರಿಗೆ ಫೋಕಸ್ ಮಾಡುವಾಗ ಮುಂದಕ್ಕೆ ಚಾಚಿ ನೂರಕ್ಕೆ ಏಳೆಂಟು ಪಾಲು ಕಿರಿದಾಗಿ ನೋಡುತ್ತದೆ, ಗೆರೆಗಳನ್ನು ಸಾಮಾನ್ಯವಾಗಿ ಹತ್ತಿರದ ಅಳತೆಗೇ ಹೊಂದಿಸಿ ಕೊರೆದಿರುತ್ತಾರೆ. ನಿಮ್ಮ ಫೈಂಡರ್ ಎಷ್ಟು ಬಿಡುತ್ತದೆ, ಎಷ್ಟು ಸೇರಿಸುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಚೀಲದಲ್ಲಿ ಇಟ್ಟುಕೊಳ್ಳಿ. ಫೈಂಡರ್ ಸಿಕ್ಕಿಸುವ ಜಾಗ ಸಡಿಲ ಇದ್ದರೆ ಕೆಳಗೆ ಒಂದು ಚೂರು ದಪ್ಪ ಕಾಗದ ಮಡಚಿ ತುರುಕಿ, ಇಲ್ಲದಿದ್ದರೆ ಅದು ಜನಜಂಗುಳಿಯಲ್ಲಿ ಎಲ್ಲಾದರೂ ಉದುರಿಹೋಗುತ್ತದೆ, ಕೆಲವು ಫೈಂಡರುಗಳ ಬೆಲೆ ಲೆನ್ಸಿನ ಬೆಲೆಗೆ ಹತ್ತಿರ ಹತ್ತಿರ ಇದೆ ಈಗ.